ಏಳು ವೋಟಿನ ಗಟಾರ

ಮತ ಕೇಳಲು ಮನೆಮನೆ ತಿರುಗುವ ಎಲ್ಲ ಪಕ್ಷದವರೂ ಒಮ್ಮತದಿಂದ ಹೆದರುವ ಮತದಾರ ಮುಂಬಯಿಯ ಇಡೀ ಭಾಂಡುಪ್‌ನಲ್ಲಿ ಒಬ್ಬರೇ. ಅವರು ನನ್ನ ಸೋದರಮಾವ! ಅವರ ಬಾಗಿಲು ತಟ್ಟಿದ ಯಾವ ಕಾರ್ಯಕರ್ತನೂ ಅರ್ಧ ಗಂಟೆಗೆ ಮೊದಲು ಬಿಡುಗಡೆಯಾದದ್ದಿಲ್ಲ. ಕರಪತ್ರ ಕೊಡಲು ಬಂದವನ ಕೈಯಿಂದಲೇ ಗಟಾರದ ಅರ್ಜಿಗೆ ಸಹಿ ಹಾಕಿಸಿ ಕಳಿಸುವ ಜನ ಅವರು. ಕಳೆದ ಸಲ ಒಂದು ತಂಡ ಎರಡನೇ ಮಹಡಿಯಿಂದಲೇ ತಿರುಗಿ ಇಳಿದುಹೋಯಿತು. "ಊಪರ್ ಅಣ್ಣಾ ಹೈ", ಮೇಲೆ ಅಣ್ಣಾ ಇದ್ದಾರೆ ಎಂದು ಒಬ್ಬ ಇನ್ನೊಬ್ಬನ ಕಿವಿಯಲ್ಲಿ ಹೇಳಿದ್ದನ್ನು ನಾನೇ ಕೇಳಿದ್ದೇನೆ.

ನನ್ನ ಪರಿಚಯವನ್ನೂ ಮಾಡಿಕೊಡಬೇಕಲ್ಲ. ಮಾವನ ಮನೆಯ ಹಾಲ್‌ನಲ್ಲಿ, ಸೋಫಾ ಎಂದು ಅತ್ತೆ ಕರೆಯುವ ವಸ್ತುವಿನ ಮೇಲೆ ಮಲಗುವವನು ನಾನು. ಗೋರೆಗಾಂವ್‌ನ ಸ್ಟುಡಿಯೋ ಒಂದರಲ್ಲಿ ಕಾರ್ಟೂನ್ ಕತ್ತೆಗೆ ದನಿ ಕೊಡುತ್ತೇನೆ. "ಅದಕ್ಕೆ ನೀನು ಪ್ರಾಕ್ಟೀಸ್ ಮಾಡುವ ಅಗತ್ಯ ಉಂಟಾ?" ಎಂದು ಅತ್ತೆ ಕೇಳುತ್ತಾರೆ. ಯಾರ ದನಿಯನ್ನಾದರೂ ಅನುಕರಿಸಬಲ್ಲೆ. ಲೋಕಲ್ ರೈಲಿನ ಅನೌನ್ಸ್‌ಮೆಂಟು, ಮೀನಿನವಳು, ಸೊಸೈಟಿಯ ಸೆಕ್ರೆಟರಿ, ಯಾರದ್ದಾದರೂ ಸರಿ. ಆದರೆ ನೆಂಟರ ಮದುವೆಗಳಲ್ಲಿ ಎಲ್ಲರೂ ಮತ್ತೆ ಮತ್ತೆ ಕೇಳಿ ಮಾಡಿಸುವ ಐಟಂ ಮಾವನದ್ದೇ.

ಯಾಕೆಂದರೆ ಮಾವನದು ಅಂಥಿಂಥ ದನಿಯಲ್ಲ. ವಿಲೆ ಪಾರ್ಲೆಯ ಉಡುಪಿ ಹೋಟೆಲೊಂದರಲ್ಲಿ ಮೂವತ್ತೈದು ವರ್ಷ ಅವರ ಕೆಲಸ ಒಂದೇ. ಹಾಲ್‌ಗೂ ಅಡುಗೆಮನೆಗೂ ನಡುವೆ ನಿಂತು ಆರ್ಡರ್ ಕೂಗುವುದು. "ಏಕ್ ಮಸಾಲಾ ಕಡಕ್! ದೋ ಇಡ್ಲೀ, ಸಾಂಬಾರ್ ಅಲಗ್!" ಒಳಗೆ ದೋಸೆ ತಿರುವುವವನಿಗೆ ಕೇಳಿಸಬೇಕಾದದ್ದು ಪಾರ್ಲೆ ಸ್ಟೇಷನ್ನಿನ ಎಲ್ಲ ಪ್ಲಾಟ್‌ಫಾರ್ಮಿಗೂ ಕೇಳಿಸುತ್ತಿತ್ತು. ರೈಲು ಹತ್ತಬೇಕಾದವರು ಹಸಿವಾಗಿ ಹೋಟೆಲ್ ಹತ್ತುತ್ತಿದ್ದರಂತೆ. ಇದನ್ನು ಹೇಳಿದ್ದೂ ಮಾವನೇ, ಹಾಗಾಗಿ ನೀವು ಎಷ್ಟು ಬೇಕೋ ಅಷ್ಟು ನಂಬಿ.

ನಿವೃತ್ತರಾದ ಮೇಲೆ ಆ ದನಿಗೆ ಕೆಲಸ ಬೇಡವೇ? ಸಿಕ್ಕಿತು. ನಮ್ಮ ಬಿಲ್ಡಿಂಗ್ ಮುಂದೆ ಒಂದು ತೆರೆದ ಗಟಾರ ಹರಿಯುತ್ತದೆ. ಹರಿಯುತ್ತದೆ ಎಂದದ್ದು ಗೌರವಕ್ಕೆ. ನಿಜವಾಗಿ ಅದು ನಿಂತಿರುತ್ತದೆ, ಅದರ ವಾಸನೆ ಹರಿಯುತ್ತದೆ. ಅದನ್ನು ಮುಚ್ಚಿಸಿಕೊಡಿ ಎಂದು ಮಾವ ನಮ್ಮ ಗಲ್ಲಿಯ ಲೀಡರ್ ಸಾಹೇಬರ ಆಫೀಸಿಗೆ ಹೋದರು. ಸಾಹೇಬರು ಚಹಾ ತರಿಸಿ, ಮತದಾರರ ಪಟ್ಟಿ ತೆಗೆಸಿ, ಬೆರಳಿಟ್ಟು ಎಣಿಸಿ, "ಅಣ್ಣಾ, ನಿಮ್ಮ ಬಿಲ್ಡಿಂಗ್‌ನಲ್ಲಿ ನಲವತ್ತೊಂದು ಹೆಸರು ಉಂಟು. ವೋಟು ಹಾಕಿದವರು ಏಳು. ಏಳು ವೋಟಿನ ಗಟಾರಕ್ಕೆ ನಾನು ಎಷ್ಟು ಕೆಲಸ ಮಾಡಲಿ, ನೀವೇ ಹೇಳಿ!" ಎಂದರು.

ಮಾವ ಚಹಾ ಕುಡಿಯದೆ ಎದ್ದು ಬಂದರು. ಚಹಾ ಬಿಟ್ಟು ಬಂದ ಉಡುಪಿ ಹೋಟೆಲಿನವನ ಸಿಟ್ಟು ಎಂಥದ್ದೆಂದು ಸಾಹೇಬರಿಗೆ ಪಾಪ, ಗೊತ್ತಿರಲಿಲ್ಲ.

ಅಂದಿನಿಂದ ಮಾವನ ಬದುಕಿಗೆ ಒಂದೇ ಗುರಿ. ನಲವತ್ತೊಂದಕ್ಕೆ ನಲವತ್ತೊಂದು! ಹಳೆಯ ಕ್ಯಾಲೆಂಡರಿನ ಹಾಳೆಯ ಹಿಂಬದಿಯಲ್ಲಿ ಎಲ್ಲರ ಹೆಸರು ಬರೆದರು. ವಿಜಯಪುರ ಕಡೆಯ ನಮ್ಮ ವಾಚ್‌ಮನ್, "ಅಣ್ಣಾರ, ನನ್ನ ವೋಟು ಊರಾಗ ಐತ್ರಿ" ಎಂದು ತಪ್ಪಿಸಿಕೊಳ್ಳಲು ನೋಡಿದ.

"ಇಪ್ಪತ್ತು ವರ್ಷದಿಂದ ಈ ಗಟಾರದ ಸೊಳ್ಳೆ ಕಚ್ಚುವುದು ಯಾರಿಗೆ? ಊರಲ್ಲಿರುವ ನಿನ್ನ ವೋಟಿಗಾ?" ಎಂದು ಕೇಳಿದ ಮಾವ, ಅವನಿಂದ ಫಾರ್ಮ್ ತುಂಬಿಸಿ ವೋಟನ್ನು ಭಾಂಡುಪ್‌ಗೆ ತರಿಸಿಯೇ ಬಿಟ್ಟರು. ಅದೇ ತಿಂಗಳು ಒಬ್ಬಳು ಹುಡುಗಿ ಮದುವೆಯಾಗಿ ಹೋದದ್ದರಿಂದ ಲೆಕ್ಕ ನಲವತ್ತೊಂದೇ ಉಳಿಯಿತು. ಆ ಮದುವೆಯಲ್ಲಿ ಅತ್ತದ್ದು ಹುಡುಗಿಯ ಅಪ್ಪ ಮತ್ತು ನನ್ನ ಮಾವ.

ನಾನು ಒಮ್ಮೆ ಕೆಣಕಿದೆ. "ಮಾವ, ನಿಂತವರಲ್ಲಿ ಒಬ್ಬನೂ ಸರಿಯಿಲ್ಲ. ಯಾರಿಗೆ ಅಂತ ಹಾಕುದು?"

"ಏ ಅಳಿಯಾ, ಮೆನುವಲ್ಲಿ ನಿಂಗೆ ಬೇಕಾದ್ದು ಇಲ್ಲ ಅಂತ ಟೇಬಲಲ್ಲಿ ಸುಮ್ಮನೆ ಕೂತ್ರೆ ಎಂತ ಆಗ್ತದೆ ಗೊತ್ತುಂಟಾ? ಪಕ್ಕದವ ಹೇಳಿದ್ದನ್ನೇ ತಂದು ನಿನ್ನ ಮುಂದೆ ಇಡ್ತಾರೆ. ಬಿಲ್ಲು ಮಾತ್ರ ನಿಂದೇ!"

"ಹಾಗಾದ್ರೆ ನೀವು ಯಾರಿಗೆ ಹಾಕ್ತೀರಿ?"

"ಅಡುಗೆಮನೆಯೊಳಗೆ ಗಿರಾಕಿಗಳಿಗೆ ಪ್ರವೇಶ ಇಲ್ಲ."

ಅತ್ತೆ ಒಳಗಿನಿಂದ, "ನಂಗೂ ಹೇಳಿಲ್ಲ ಮಾರಾಯ. ನಾನೂ ಅವರಿಗೆ ಹೇಳಿಲ್ಲ. ಅದಕ್ಕೇ ಈ ಸಂಸಾರ ನಡೀತಾ ಉಂಟು!" ಎಂದರು.

ಕಳೆದ ಚುನಾವಣೆಯ ದಿನ ಮಾವ ಬೆಳಿಗ್ಗೆ ಏಳಕ್ಕೇ ಕಂಪೌಂಡಿನ ನಡುವೆ ನಿಂತು, ಹಾಳೆ ಹಿಡಿದು, ತಲೆ ಮೇಲೆತ್ತಿ ಫ್ಲಾಟ್ ನಂಬರು ಕೂಗಲು ಶುರು ಮಾಡಿದರು. "ಏಕ್ ಸೌ ದೋ! ತೀನ್ ವೋಟ್ ಬಾಕೀ! ದೋ ಸೌ ಚಾರ್! ದೋ ವೋಟ್, ಜಲ್ದೀ!" ಒಂದೊಂದೇ ಕಿಟಕಿ ತೆರೆಯಿತು. ಎರಡನೇ ಮಹಡಿಯ ಮರಾಠಿ ಕಾಕೂ, "ಅಹೋ ಅಣ್ಣಾ, ಚಹಾ ತರಿ ಪಿಊ ದ್ಯಾ!" ಎಂದು ಗೋಗರೆದರು. ಚಹಾ ಕುಡಿಯಲೂ ಬಿಡದ ಮಾವ, ಬೆರಳಿನ ಮಸಿ ತೋರಿಸಿದವರಿಗೆ ಅತ್ತೆಯ ಕೈಯ ನೀರುದೋಸೆ, ತೆಂಗಿನಕಾಯಿ ಚಟ್ನಿ ಎಂದು ಘೋಷಿಸಿದರು. ಬಿಲ್ಡಿಂಗಿಗೆ ಬಿಲ್ಡಿಂಗೇ ಇಳಿಯಿತು.

ನಾನು? ರಜೆಯ ದಿನ ಬಿಸಿಲಲ್ಲಿ ಸಾಲು ನಿಲ್ಲುವ ಕತ್ತೆ ನಾನಲ್ಲ. ಅದು ಬರೀ ನನ್ನ ಕಸುಬು. ಮಲ್ಟಿಪ್ಲೆಕ್ಸಿನ ಎಸಿಯಲ್ಲಿ ಕೂತಿದ್ದು, ಬರುವಾಗ ಬೆರಳಿಗೆ ಮಾರ್ಕರ್ ಪೆನ್ನಿನಿಂದ ಗೆರೆ ಎಳೆದುಕೊಂಡು ಬಂದೆ. ಮಸಿ ಹಾಕುವುದು ಎಡಗೈಗೆ ಎಂಬ ಸಾಮಾನ್ಯ ಜ್ಞಾನವೂ ನನಗಿರಲಿಲ್ಲ. ಬಲಗೈಯ ಬೆರಳನ್ನು ಎತ್ತಿ ತೋರಿಸಿದೆ. ಮಾವ ನೋಡಿದರು. ತಟ್ಟೆಗೆ ದೋಸೆ ಹಾಕಿ, "ಚಟ್ನಿ ಮುಗೀತು" ಎಂದರು. ನನ್ನ ಹಿಂದೆಯೇ ಬಂದ ಕಾಕೂಗೆ ಎರಡು ಸೌಟು ಚಟ್ನಿ ಬಿತ್ತು!

ವಯಸ್ಸಾಯಿತಲ್ಲ, ಮರೆವು ಎಂದುಕೊಂಡೆ. ಸಂಜೆ ಅವರು ಲೆಕ್ಕ ಹಾಕಿ, "ನಲವತ್ತು. ಒಂದು ಬಾಕಿ" ಎಂದಾಗ, "ಛೆ! ಯಾರು ಮಾವ ಆ ಮಾನಗೇಡಿ?" ಎಂದು ಕೇಳುವ ಧೈರ್ಯವೂ ನನಗಿತ್ತು. ಮಾವ ಹಾಳೆ ಮಡಚಿಟ್ಟರು.

ನಲವತ್ತು ವೋಟು ನೋಡಿ ಸಾಹೇಬರು ಹಾರ ಹಿಡಿದು ಓಡಿ ಬಂದರು. ಗಟಾರದ ಮೇಲೆ ಚಪ್ಪಡಿ ಬಿತ್ತು. ಗೇಟಿನವರೆಗೆ ಮಾತ್ರ. ಅರ್ಧ ಮುಚ್ಚಿ ಅರ್ಧ ಬಾಯಿ ತೆರೆದ ಆ ಗಟಾರವನ್ನು ದಾಟುವಾಗಲೆಲ್ಲ ಉಳಿದರ್ಧ ನನ್ನ ಪಾಲಿನದು ಎಂದು ಅನಿಸುತ್ತಿತ್ತು. ಆದರೆ ಅನಿಸಿದ್ದಕ್ಕೆಲ್ಲ ತಲೆ ಕೆಡಿಸಿಕೊಂಡರೆ ಮುಂಬಯಿಯಲ್ಲಿ ಬದುಕಲು ಆಗುತ್ತದೆಯೇ?

ಈ ಸಲದ ಚುನಾವಣೆಗೆ ಮೂರು ವಾರ ಇರುವಾಗ ಮಾವನ ಗಂಟಲಿಗೆ ಆಪರೇಷನ್ ಆಯಿತು. ಪಿಸುಮಾತೂ ಕೂಡದು ಎಂದರು ಡಾಕ್ಟರು. ದನಿ ತಿರುಗಿ ಬರುತ್ತದೆಯೇ ಎಂದು ಅತ್ತೆ ಕೇಳಿದ್ದಕ್ಕೆ, "ನೋಡೋಣ" ಎಂದರು. ರಾಜಕಾರಣಿಗಳ ಬಾಯಲ್ಲಿ ಆ ಮಾತು ಕೇಳಿ ನಗುತ್ತಿದ್ದ ನಮ್ಮ ಮನೆಯಲ್ಲಿ ಅಂದು ಯಾರೂ ನಗಲಿಲ್ಲ.

ಮತದಾನದ ದಿನ ಬೆಳಿಗ್ಗೆ ಮಾವ ಕಳೆದ ಸಲದ ಅದೇ ಹಾಳೆ ಹಿಡಿದು, ಜೊತೆಗೆ ಒಂದು ಸ್ಟೀಲ್ ತಟ್ಟೆ ಮತ್ತು ಸೌಟು ಹಿಡಿದು ಕೆಳಗಿಳಿದರು. ಬಡಿದರು, ಬಡಿದರು. ರದ್ದಿವಾಲಾ ಬಂದನೆಂದು ಕಾಕೂ ಹಳೆಯ ಪೇಪರ್ ಕಟ್ಟು ಹೊತ್ತು ಇಳಿದು ಬಂದು, ನಾಚಿ ಮತ್ತೆ ಹತ್ತಿದರು! ಹತ್ತು ಗಂಟೆಯಾದರೂ ಹಾಳೆಯಲ್ಲಿ ಗುರುತು ಬಿದ್ದದ್ದು ಮೂರು ಹೆಸರಿಗೆ. ಮಾವ, ಅತ್ತೆ, ವಾಚ್‌ಮನ್.

ನಾನು ಚಹಾ ಹಿಡಿದು ಕಿಟಕಿಯಲ್ಲಿದ್ದೆ. ಮಾರ್ಕರ್ ಜೇಬಿನಲ್ಲೇ ಇತ್ತು. ಮಾವ ತಟ್ಟೆಯನ್ನು ಕೆಳಗಿಟ್ಟರು. ಹಳೆಯ ಅಭ್ಯಾಸದಂತೆ ಎರಡು ಹೆಜ್ಜೆ ಹಿಂದೆ ಸರಿದು, ತಲೆ ಮೇಲೆತ್ತಿ, ಕತ್ತಿನ ನರ ಉಬ್ಬುವಂತೆ ಬಾಯಿ ತೆರೆದರು.

ಏನೂ ಬರಲಿಲ್ಲ.

ಮೂರು ಮಹಡಿ ಹೇಗೆ ಇಳಿದೆನೋ ಗೊತ್ತಿಲ್ಲ. ಅವರ ಕೈಯಿಂದ ಹಾಳೆ ತೆಗೆದುಕೊಂಡು, ಮದುವೆಮನೆಗಳಲ್ಲಿ ಮಾಡುವಂತೆಯೇ ಹೊಟ್ಟೆ ಮುಂದೆ ತಂದು ಕೂಗಿದೆ. "ಏಕ್ ಸೌ ದೋ! ತೀನ್ ವೋಟ್ ಬಾಕೀ! ದೋ ಸೌ ಚಾರ್! ದೋ ವೋಟ್, ಜಲ್ದೀ!"

ಕಿಟಕಿಗಳು ಪಟಪಟನೆ ತೆರೆದವು. "ಅಣ್ಣಾಂಚಾ ಆವಾಜ್ ಆಲಾ!" ಅಣ್ಣನ ದನಿ ಬಂತು ಎನ್ನುತ್ತ ಕಾಕೂ ಬರಿಗಾಲಲ್ಲಿ ಓಡಿ ಬಂದರು. ಬಾಯಿ ತೆರೆದಿದ್ದವನು ನಾನು ಎಂದು ಕಂಡಾಗ ನನ್ನ ಬೆನ್ನಿಗೊಂದು ಗುದ್ದಿ, ಸೆರಗಿನಿಂದ ಕಣ್ಣೊರೆಸಿಕೊಂಡು, ಹಾಗೆಯೇ ಬೂತಿನ ಕಡೆ ನಡೆದರು. ಅವರ ಹಿಂದೆ ಇಡೀ ಬಿಲ್ಡಿಂಗ್.

ಮೂರು ಗಂಟೆಯ ಹೊತ್ತಿಗೆ ಹಾಳೆ ತುಂಬಿತು. ನಾನು ಮೆಲ್ಲನೆ ಮಡಚಲು ಹೊರಟೆ. ಮಾವನ ಬೆರಳು ಬಂದು ಕೊನೆಯ ಸಾಲಿನ ಮೇಲೆ ನಿಂತಿತು. ನನ್ನ ಹೆಸರು. ಅದರ ಮುಂದೆ, ಕಳೆದ ಸಲದ ಗುರುತು ಇರಬೇಕಾದಲ್ಲಿ, ಪೆನ್ಸಿಲಿನ ಸಣ್ಣ ಅಕ್ಷರ. "ಚಟ್ನಿ ಇಲ್ಲ."

ಏನು ಮಾಡಲಿ? ತಲೆಯೆತ್ತಿ ನಮ್ಮದೇ ಕಿಟಕಿಗೆ ಮಾವನ ದನಿಯಲ್ಲಿ ಕೂಗಿದೆ. "ತೀನ್ ಸೌ ಏಕ್! ಏಕ್ ವೋಟ್ ಬಾಕೀ!" ಕೂಗಿ, ನಾನೇ ಹೊರಟೆ.

ತಿರುಗಿ ಬಂದಾಗ ಮಾವ ಗೇಟಿನಲ್ಲೇ ಇದ್ದರು. ನನ್ನ ಎಡಗೈ ಹಿಡಿದು ಮಸಿಯನ್ನು ಹೆಬ್ಬೆರಳಿನಿಂದ ಗಟ್ಟಿಯಾಗಿ ಉಜ್ಜಿದರು. ಹೋಗಲಿಲ್ಲ. ವಾಚ್‌ಮನ್‌ನ ಕುರ್ಚಿಯ ಮೇಲೆ ಮುಚ್ಚಿಟ್ಟಿದ್ದ ತಟ್ಟೆಯನ್ನು ತೆಗೆದು ನನ್ನ ಕೈಗಿತ್ತರು. ದೋಸೆ ಕಾಣದಷ್ಟು ಚಟ್ನಿ. ಆಮೇಲೆ ಗಟಾರದ ತೆರೆದ ಅರ್ಧದ ಕಡೆ ತಿರುಗಿ ತುಟಿ ಅಲ್ಲಾಡಿಸಿದರು.

ಕತ್ತೆಯ ತುಟಿಗೆ ದನಿ ಕೂಡಿಸುವವನಿಗೆ ಮಾವನ ತುಟಿ ಓದುವುದು ಕಷ್ಟವೇ? "ನಲವತ್ತೊಂದು!" ಅದನ್ನು ಅವರದೇ ದನಿಯಲ್ಲಿ ಇಡೀ ಗಲ್ಲಿಗೆ ಕೇಳುವಂತೆ ಕೂಗಬೇಕೆಂದು ಬಾಯಿ ತೆರೆದೆ.

ಬಂದದ್ದು ನನ್ನ ದನಿ. ಅದೂ ಒಡೆದು, ಎದುರಿಗಿದ್ದ ಮಾವನಿಗೆ ಕೇಳುವಷ್ಟೇ.