ನಲವತ್ತು ಮೀಟರ್ ರಸ್ತೆಯನ್ನು ಅಗೆಯದಿರುವ ಬಗ್ಗೆ

ಇಂದ,
ಮುದ್ರಣಾಲಯದಲ್ಲಿ ಕರಡು ತಿದ್ದುತ್ತಿದ್ದ ನಿವೃತ್ತ ನೌಕರ,
ಮೂರನೆಯ ಮನೆ, ಆಸ್ಪತ್ರೆಯ ಹಿಂಬದಿ ರಸ್ತೆ.

ಗೆ,
ಕಾರ್ಯನಿರ್ವಾಹಕ ಎಂಜಿನಿಯರ್ ಅವರು,
ರಸ್ತೆ ವಿಭಾಗ.

ವಿಷಯ: ನನ್ನ ಕೋರಿಕೆಯಂತೆ ರಸ್ತೆ ಅಗೆಯಲು ತಾವು ನೀಡಿರುವ ಮಂಜೂರಾತಿಯನ್ನು ದಯವಿಟ್ಟು ರದ್ದುಪಡಿಸುವ ಕುರಿತು.

ಉಲ್ಲೇಖ: ೧. ರಸ್ತೆ ಅಗೆಯಬೇಕೆಂದು ಕೋರಿ ಹನ್ನೊಂದು ತಿಂಗಳ ಹಿಂದೆ ನಾನು ಸಲ್ಲಿಸಿದ ಅರ್ಜಿ.
೨. ಸದರಿ ಅರ್ಜಿಯನ್ನು ಪುರಸ್ಕರಿಸಿ ಮೊನ್ನೆ ನನ್ನ ಕೈಸೇರಿದ ತಮ್ಮ ಆದೇಶ.

ಮಾನ್ಯರೇ,

೧. ನನ್ನ ಪತ್ನಿಯ ಜಪಮಾಲೆ ಕಳೆದುಹೋಗಿದೆ ಎಂದು ತಿಳಿದದ್ದು ಒಂದು ಬುಧವಾರ ಬೆಳಿಗ್ಗೆ. ಆಕೆ ತೀರಿಕೊಂಡು ಆಗ ಇಪ್ಪತ್ತಾರು ದಿನಗಳಾಗಿದ್ದವು. ಆಕೆ ಹೋದ ದಿನ ನನಗೆ ಅಳು ಬರಲಿಲ್ಲ. ಬಂದದ್ದು ಆ ಬುಧವಾರ. ಈ ಸಂಗತಿ ಕಚೇರಿಗೆ ಅನಗತ್ಯವಾದರೂ ದಿನವನ್ನು ಖಚಿತಪಡಿಸುವ ಕಾರಣಕ್ಕಾಗಿ ನಮೂದಿಸಿದ್ದೇನೆ.

೨. ಸದರಿ ಮಾಲೆ ಪ್ಲಾಸ್ಟಿಕ್ಕಿನದು. ಬಿಳಿಯ ಮಣಿಗಳು ಮೂವತ್ತೊಂದು ವರ್ಷ ಬೆರಳು ತಾಗಿ ಹಳದಿಯಾಗಿದ್ದವು. ಹಾಲಿನ ಕವರುಗಳನ್ನು ತೊಳೆದು, ಕಿಟಕಿಯ ಸರಳಿಗೆ ಸಿಕ್ಕಿಸಿ ಒಣಗಿಸುವುದು ಆಕೆಯ ರೂಢಿ. ಸೂಜಿ, ಗುಂಡಿ, ಮಾತ್ರೆ, ಮಾಲೆ ಎಲ್ಲವೂ ಒಂದೊಂದು ಕವರಿನಲ್ಲಿ ಇರುತ್ತಿದ್ದವು. ಉಳಿದ ಕವರುಗಳು ಮೂಟೆಯಾಗಿ ತಮ್ಮ ವಿಭಾಗದ ಪ್ಲಾಸ್ಟಿಕ್ ಶೆಡ್ಡಿಗೆ ಹೋಗುತ್ತಿದ್ದವು. ಆಕೆ ತೀರಿಕೊಂಡ ಮೇಲೆ ಆಸ್ಪತ್ರೆಯಿಂದ ತಂದ ಮಾಲೆಯನ್ನು ನಾನೂ ಅದರ ಕವರಿನಲ್ಲೇ ಇಟ್ಟಿದ್ದೆ. ಮನೆ ಚೊಕ್ಕ ಮಾಡುವಾಗ ನನ್ನ ಸೊಸೆ ಎಲ್ಲವನ್ನೂ ಒಂದೇ ಮೂಟೆಗೆ ಸೇರಿಸಿಬಿಟ್ಟಳು. ಆಕೆಯ ತಪ್ಪಿಲ್ಲ. ಆಕೆ ಇನ್ನೂ ನನ್ನ ಮುಖ ನೋಡಿ ಮಾತನಾಡುತ್ತಿಲ್ಲವಾದ್ದರಿಂದ ಇದನ್ನು ಇಲ್ಲಿ ದಾಖಲಿಸುತ್ತಿದ್ದೇನೆ.

೩. ಅಂದೇ ಶೆಡ್ಡಿಗೆ ಹೋಗಿ ಅಲ್ಲಿ ಕಸ ಆರಿಸುವ ಹೆಂಗಸನ್ನು ವಿಚಾರಿಸಿದೆ.

“ಎಲ್ಲಾರ ಮೂಟೆನೂ ಬಿಚ್ಚಿ ನೋಡ್ತೀವಿ ತಾತ. ಸತ್ತ ಇಲೀನೂ ಇರತ್ತೆ ಒಳಗೆ. ನಿಮ್ಮನೇದು ಒಂದೇ ನೋಡ್ತಿರಲಿಲ್ಲ.”

“ಯಾಕಮ್ಮ?”

“ಅಮ್ಮ ಅಷ್ಟು ಚೊಕ್ಕವಾಗಿ ತೊಳೆದು ಕಳಿಸೋರು. ಅದರಲ್ಲಿ ನೋಡೋಕೇನಿದೆ ಅಂತ ಸೀದಾ ಮಿಷನ್‌ಗೆ ಹಾಕಿಬಿಡ್ತಿದ್ವಿ.”

ಹೀಗಾಗಿ ಆಕೆಯ ಶುಚಿತ್ವವೇ ಆಕೆಯ ಮಾಲೆಯನ್ನು ಚೂರು ಮಾಡಿಸಿತು. ಇದರಲ್ಲಿ ಯಾರ ಮೇಲೂ ಕ್ರಮ ಜರುಗಿಸುವಂತಿಲ್ಲ.

೪. ಶೆಡ್ಡಿನ ಪುಸ್ತಕದ ಪ್ರಕಾರ ನಮ್ಮ ಮೂಟೆ ಹೋದ ದಿನದ ಚೂರುಗಳನ್ನು ಕಾದ ಜಲ್ಲಿಯ ಮೇಲೆ ಸುರಿದು, ಅವು ಕರಗಿ ಕಲ್ಲಿಗೆ ಅಂಟಿದ ಮೇಲೆ ಡಾಂಬರು ಬೆರೆಸಿ, ನಮ್ಮ ರಸ್ತೆಯಲ್ಲಿ ದರ್ಜಿಯ ಅಂಗಡಿಯಿಂದ ಆಸ್ಪತ್ರೆಯ ಗೇಟಿನವರೆಗೆ ನಲವತ್ತು ಮೀಟರ್ ಹಾಸಲಾಗಿದೆ. ದೇವರ ಹೆಸರು ಎಣಿಸಿದ ಮಣಿಗಳ ಮೇಲೆ ಚಪ್ಪಲಿ, ಚಕ್ರ, ಉಗುಳು. ಆದ್ದರಿಂದ ಉಲ್ಲೇಖ ೧ರ ಅರ್ಜಿ. ಅಂದು ತಮ್ಮ ಸಹಾಯಕ ಎಂಜಿನಿಯರರು ಕೇಳಿದರು:

“ಅಗೆದರೆ ಮಾಲೆ ಸಿಗತ್ತಾ ಯಜಮಾನ್ರೇ?”

“ಸಿಗಲ್ಲ.”

“ಮತ್ತೆ ಯಾಕೆ ಅಗೀಬೇಕು?”

“ತುಳಿಯೋದು ನಿಲ್ಲತ್ತೆ.”

“ಸರಿ, ಮೇಲಕ್ಕೆ ಕಳಿಸ್ತೀನಿ. ನೀವು ಮರೆತುಬಿಡಿ.”

ಮೊದಲನೆಯದನ್ನು ಅವರು ಮಾಡಿದರು. ಎರಡನೆಯದು ನನ್ನಿಂದ ಆಗಲಿಲ್ಲ.

೫. ತರುವಾಯ ನಾನು ಪ್ರತಿದಿನ ಬೆಳಿಗ್ಗೆ ದರ್ಜಿಯ ಅಂಗಡಿಯ ಮುಂದೆ ನಿಂತು, ಬರುವವರಿಗೆಲ್ಲ ಕೈ ಅಡ್ಡ ಹಿಡಿದು, ಅಂಚಿನಲ್ಲಿ ನಡೆಯಿರೆಂದು ವಿನಂತಿಸತೊಡಗಿದೆ. “ಯಜಮಾನ್ರೇ, ಜನ ನನ್ನಂಗಡೀಗೆ ಹಾರ್ಕೊಂಡು ಬರೋ ಹಾಗಾಗಿದೆ. ಅಳತೆ ತಗೊಳೋ ಹೊತ್ತಿಗೆ ಎರಡಿಂಚು ಇಳಿದಿರ್ತಾರೆ” ಎಂದು ದರ್ಜಿ ಹಂಗಿಸಿದರೂ ಬಿಡಲಿಲ್ಲ.

೬. ಕಳೆದ ತಿಂಗಳು ಒಬ್ಬಾತ ತಾಯಿಯನ್ನು ಗಾಲಿಕುರ್ಚಿಯಲ್ಲಿ ತಳ್ಳಿಕೊಂಡು ಬಂದ. ಆಕೆಯ ಹೊಟ್ಟೆಯ ಹೊಲಿಗೆ ಬಿಚ್ಚಿಸಬೇಕಿತ್ತು. ದರ್ಜಿಯ ಅಂಗಡಿಗೆ ಮುಂಚಿನ ಹಳೆಯ ರಸ್ತೆ ತಾವು ಬಲ್ಲಿರಿ. ಒಂದೊಂದು ಗುಂಡಿಗೂ ಆಕೆ “ಮೆಲ್ಲಗೆ ಕಣೋ” ಎಂದು ನರಳುತ್ತಿದ್ದರು. ನಾನು ಕೈ ಅಡ್ಡ ಹಿಡಿಯುವಷ್ಟರಲ್ಲಿ ಗಾಲಿ ಹೊಸ ರಸ್ತೆಗೆ ಏರಿತ್ತು. ಆಕೆಯ ದನಿ ನಿಂತಿತು. ಮಗ ಹೆದರಿದ.

“ಅಮ್ಮಾ, ಯಾಕೆ ಮಾತಾಡ್ತಿಲ್ಲ?”

“ಇಲ್ಲಿ ನೋವಾಗ್ತಿಲ್ಲ ಕಣೋ. ಸ್ವಲ್ಪ ಹೊತ್ತು ಇಲ್ಲೇ ಇರೋಣ.”

ಇಬ್ಬರೂ ಆ ಬಿಸಿಲಿನಲ್ಲಿ ನಡುರಸ್ತೆಯಲ್ಲೇ ನಿಂತರು. ನಾನು ಕೈ ಇಳಿಸಿದೆ. ಮತ್ತೆ ಎತ್ತಿಲ್ಲ.

೭. ನನ್ನ ಪತ್ನಿಯನ್ನು ಕೊನೆಯ ಸಲ ಕರೆದೊಯ್ದದ್ದು ಇದೇ ರಸ್ತೆಯಲ್ಲಿ, ಅದು ಗೇಟಿನವರೆಗೂ ಗುಂಡಿಯಾಗಿದ್ದಾಗ. ತಲೆ ನನ್ನ ತೊಡೆಯ ಮೇಲಿತ್ತು. ಆಕೆ ನರಳಲಿಲ್ಲ, ಪ್ರತಿ ಗುಂಡಿಗೂ ಮಾಲೆಯನ್ನು ಬಿಗಿಯಾಗಿ ಹಿಡಿಯುತ್ತಿದ್ದಳು, ಅಷ್ಟೆ. ಮೆಲ್ಲಗೆ ಹೋಗಪ್ಪಾ ಎಂದರೆ ಆಟೋದವನು, “ಗುಂಡಿ ನಾನು ತೋಡಿದ್ದಾ ತಾತ?” ಎಂದ. ಆತನ ಮಾತಿನಲ್ಲಿ ತಪ್ಪಿರಲಿಲ್ಲ.

೮. ಆದ್ದರಿಂದ ಸೋಮವಾರ ಗುದ್ದಲಿ ಹಿಡಿದು ಬರಲಿರುವ ತಮ್ಮ ಕೆಲಸಗಾರರನ್ನು ತಡೆಯಬೇಕೆಂದು ಬೇಡುತ್ತೇನೆ. ಮಣಿಗಳನ್ನು ತುಳಿಯುವ ವಿಚಾರವನ್ನು ನಾನು ದೇವರ ಬಳಿ ಮಾತನಾಡಿಕೊಳ್ಳುತ್ತೇನೆ. ಆ ಹೊಣೆ ಕಚೇರಿಗೆ ಬೇಡ. ದೀಪ, ನಲ್ಲಿ, ಚರಂಡಿಗಳಿಗಾಗಿ ನಾನು ಬರೆದ ಏಳು ಅರ್ಜಿಗಳಲ್ಲಿ ಒಂದೂ ಮಂಜೂರಾಗಿರಲಿಲ್ಲ. ಆದ್ದರಿಂದ ಇದೂ ಆಗಲಾರದೆಂಬ ಧೈರ್ಯದಲ್ಲಿ ಮೊದಲೇ ಹಿಂಪಡೆಯದೆ ಇದ್ದದ್ದು ನನ್ನ ತಪ್ಪು. ಮನ್ನಿಸಬೇಕು.

ತಮ್ಮ ವಿಶ್ವಾಸಿ ಹಾಗೂ ತನ್ನ ಅರ್ಜಿಗೆ ತಾನೇ ಆಕ್ಷೇಪಣೆ ಸಲ್ಲಿಸುತ್ತಿರುವ
ಅರ್ಜಿದಾರ

ಲಗತ್ತುಗಳು: ತಮ್ಮ ಆದೇಶದ ಪ್ರತಿ, ಶೆಡ್ಡಿನ ಪುಸ್ತಕದ ಒಂದು ಪುಟದ ನಕಲು, ಅಗೆಯುವುದು ಬೇಡವೆಂದು ದರ್ಜಿ ಬರೆದುಕೊಟ್ಟ ಚೀಟಿ.

ಕೊನೆಯ ಕೋರಿಕೆ: ಒಮ್ಮೆ ಮಂಜೂರಾದದ್ದನ್ನು ರದ್ದುಪಡಿಸಲು ನಮೂನೆಯೇ ಇಲ್ಲವೆಂದು ತಮ್ಮ ಗುಮಾಸ್ತರು ತಿಳಿಸಿದ್ದಾರೆ. ಆದೇಶವನ್ನು ಮತ್ತೊಮ್ಮೆ ಓದಿದೆ. ಅದರಲ್ಲಿ ‘ಹಿಂಬದಿ ರಸ್ತೆಯ ನಲವತ್ತು ಮೀಟರ್ ಅಗೆದು ಮರುಹಾಸುವುದು’ ಎಂದಿದೆಯೇ ಹೊರತು, ಎಲ್ಲಿಂದ ಎಲ್ಲಿಗೆ ಎಂದು ಬರೆದಿಲ್ಲ. ಕರಡು ತಿದ್ದುವವನಾಗಿ ಇದನ್ನು ತಿದ್ದಬಾರದೆಂದು ಇದೇ ಮೊದಲ ಸಲ ಸಲಹೆ ನೀಡುತ್ತಿದ್ದೇನೆ. ಅಗೆಯಲೇಬೇಕಾದಲ್ಲಿ ದರ್ಜಿಯ ಅಂಗಡಿಗೆ ಮುಂಚಿನ, ಗುಂಡಿ ಬಿದ್ದ ನಲವತ್ತು ಮೀಟರನ್ನು ಅಗೆದು, ಅಲ್ಲಿಯೂ ಇದೇ ಮಿಶ್ರಣವನ್ನು ಹಾಸಬೇಕಾಗಿ ಪ್ರಾರ್ಥನೆ.

ಇನ್ನೊಂದು ಪ್ರಾರ್ಥನೆಯಿದೆ. ಅದು ತಮ್ಮ ಕಚೇರಿಗೆ ಸೇರಿದ್ದಲ್ಲ. ಭಗವಂತನೇ, ಆಕೆಯನ್ನು ನಿನ್ನ ಬಳಿ ಇಟ್ಟುಕೋ. ಆಕೆಗೆ ಶಾಂತಿಯನ್ನು ಕೊಡು.