ಧಣಿಯ ಅಮ್ಮ ಮದ್ರಾಸಿಗೆ ಬರಲು ಒಳ್ಳೆಯ ಕಾಲ

ಮದ್ರಾಸಿಗೆ ಯಾವಾಗ ಬಂದರೆ ಒಳ್ಳೆಯದು ಅಂತ ಊರಿನವರು ಕೇಳುವುದು, ನಾವು ಬಲು ಗತ್ತಿನಿಂದ ಹೇಳುವುದು, ಅದು ತಲೆಕೆಳಗಾಗುವುದು, ಇವೆಲ್ಲ ನಮ್ಮ ಹೋಟೆಲಿನಲ್ಲಿ ಇಡ್ಲಿ ಬೇಯುವಷ್ಟೇ ಸಲೀಸಾಗಿ ನಡೆಯುತ್ತಿದ್ದವು. ಹೋಟೆಲು ಇದ್ದದ್ದು ಟಿ. ನಗರದಲ್ಲಿ. ಅರವತ್ತರ ದಶಕದ ಮೊದಲ ವರ್ಷಗಳು. ನಾನು ಉಗ್ರಾಣ ನೋಡಿಕೊಳ್ಳುತ್ತಿದ್ದೆ. ಉಡುಪಿ ಕಡೆಯಿಂದ ಚಿಕ್ಕಂದಿನಲ್ಲೇ ಓಡಿಬಂದು, ಲೋಟ ತೊಳೆದು, ಕೊನೆಗೆ ಸ್ವಂತ ಹೋಟೆಲು ಇಟ್ಟವರು ನಮ್ಮ ಧಣಿ. ಆದರೆ ಅವರ ಅಮ್ಮ ಇದನ್ನು ನಂಬಿರಲೇ ಇಲ್ಲ. "ಓಡಿಹೋದವರೆಲ್ಲ ಹಾಗೇ ಬರೆಯುವುದು" ಅನ್ನುತ್ತಿದ್ದರಂತೆ. ತಾನು ಗಲ್ಲಾಪೆಟ್ಟಿಗೆಯ ಮುಂದೆ ಕೂತದ್ದನ್ನು ಅಮ್ಮ ಒಮ್ಮೆ ಕಣ್ಣಾರೆ ನೋಡಬೇಕು, ಧಣಿಗಿದ್ದದ್ದು ಅದೊಂದೇ ಆಸೆ. ಹವೆ ಒಳ್ಳೆಯದಿದ್ದಾಗ ಬರುತ್ತೇನೆ ಅಂತ ಅಮ್ಮ ಹೇಳಿಕಳಿಸಿದ್ದರು.

ಮಳೆ

"ಮಳೆಗಾಲ ಮುಗಿದ ಮೇಲೆ ಬಾ" ಅಂತ ಧಣಿ ಬರೆದರು. ಅಮ್ಮ ಮುಂಜಾಗ್ರತೆಯವರು. ಹವೆ ನೋಡಿ ಬರಲಿಕ್ಕೆ ಮೊದಲು ತನ್ನ ತಮ್ಮನನ್ನು, ಅಂದರೆ ಧಣಿಯ ಸೋದರಮಾವನನ್ನು, ಕಳಿಸಿದರು. ಊರಿನಲ್ಲಿ ಮಳೆ ನಿಂತಿತ್ತಲ್ಲ, ಆ ಮಾವ ಕೊಡೆಯನ್ನು ಅಟ್ಟಕ್ಕೆ ಹಾಕಿ ಹೊರಟಿದ್ದರು.

ದೀಪಾವಳಿಯ ಹೊತ್ತು. ಮದ್ರಾಸಿನ ಮಳೆಗಾಲ ಶುರುವಾಗುವುದೇ ಆಗ! ಊರಿನ ಮಳೆ ಎಣಿಸಿದ ಧಣಿಗೆ ಇಲ್ಲಿಯ ಮಳೆ ಮರೆತೇಹೋಗಿತ್ತು. ಮಾವ ಮೊಣಕಾಲುದ್ದ ನೀರಿನಲ್ಲಿ ಚಪ್ಪಲಿ ಕೈಯಲ್ಲಿ ಹಿಡಿದು ಬಂದರು. ಬಂದ ದಿನ ಗಲ್ಲಾ ನೋಡಿದ್ದಷ್ಟೆ, ಆಮೇಲೆ ವಾಪಸು ಹೋಗುವ ತನಕ ಮಹಡಿಯ ಮನೆ ಇಳಿಯಲಿಲ್ಲ. ಊರಿಗೆ ಹೋಗಿ, ಮಗ ಗಲ್ಲಾದಲ್ಲಿ ಕೂತದ್ದು ನಿಜ ಅಂತ ಸಾಕ್ಷಿ ಹೇಳಿದರೆ, ಅಮ್ಮ, "ಅವನ ಅನ್ನ ಉಂಡು ಬಂದವನು, ಬೇರೆ ಎಂಥ ಹೇಳ್ತೀ?" ಅಂದುಬಿಟ್ಟರು.

"ಅದು ಬಿಡು. ಹವೆ ಹೇಗುಂಟು?"

"ನಮ್ಮದೇ ಮಳೆ ಅಕ್ಕ. ಇಲ್ಲಿ ಮುಗಿಸಿಕೊಂಡು ಅಲ್ಲಿಗೆ ಹೋಗ್ತದೆ. ನಾನೂ ಅದೂ ಒಂದೇ ರೈಲಿನಲ್ಲಿ ಹೋದದ್ದು."

ಚಳಿ

ಈ ಸಲ ಧಣಿ ಸ್ಥಳೀಯರನ್ನೇ ಕೇಳುವುದೆಂದು ನಿಶ್ಚಯಿಸಿದರು. ದಿನಾ ಬೆಳಿಗ್ಗೆ ಕಾಫಿಗೆ ಬರುವ ತಮಿಳು ಮೇಷ್ಟ್ರೊಬ್ಬರಿದ್ದರು. ಮಾರ್ಗಳಿ ತಿಂಗಳು, ಅಂದರೆ ನಮ್ಮ ಧನುರ್ಮಾಸ. ಮೇಷ್ಟ್ರು ಕಿವಿ ಮುಚ್ಚುವ ಹಾಗೆ ಮಫ್ಲರ್ ಸುತ್ತಿ, ಹಲ್ಲು ಕಟಕಟಿಸುತ್ತ, "ಭಯಂಕರ ಕುಳಿರು ಸಾರ್! ವಯಸ್ಸಾದವರು ತಾಳಲಾರರು" ಅಂದರು. ಧಣಿ ಗಾಬರಿಯಾಗಿ, ಈಗ ಬರಬೇಡ ಅಂತ ಅಮ್ಮನಿಗೆ ಕಾಗದ ಹಾಕಿದರು.

ನಾನೋ ಉಗ್ರಾಣದಲ್ಲಿ ಬೆವರಿನಿಂದ ಬನಿಯನ್ ಒದ್ದೆ ಮಾಡಿಕೊಂಡು ನಿಂತವನು. ಹೊರಗೆ ಬಂದು ನೋಡಿದರೆ ಮೇಷ್ಟ್ರು ಫ್ಯಾನಿನ ಕೆಳಗೇ ಕೂತಿದ್ದಾರೆ. ಅಯ್ಯೋ ಪಾಪ ಅನ್ನಿಸಿತು.

"ಫ್ಯಾನ್ ನಿಲ್ಲಿಸಲೇ ಸಾರ್?"

"ಬೇಡಪ್ಪಾ" ಅಂದರು ಮೇಷ್ಟ್ರು, ಮಫ್ಲರ್ ಬಿಗಿಮಾಡಿಕೊಂಡು. "ಸೆಕೆ ತಡೆಯಲಿಕ್ಕಾಗುವುದಿಲ್ಲ!"

ಬಿಸಿಲು

ಮೇ ತಿಂಗಳು ಬಂತು. ಈ ಊರಿನವರು ಅಗ್ನಿನಕ್ಷತ್ರ ಅನ್ನುವ ದಿನಗಳು. ಡಾಂಬರು ಕರಗಿ ಚಪ್ಪಲಿಗೆ ಅಂಟುತ್ತಿತ್ತು. ಅಂಥ ಹೊತ್ತಿನಲ್ಲಿ, ತಿರುಪತಿಗೆ ಹೊರಟ ನೆರೆಮನೆಯವರ ಜೊತೆ ಅಮ್ಮ ಬಂದೇಬಿಟ್ಟರು. ಹೇಳಲಿಲ್ಲ, ಕೇಳಲಿಲ್ಲ. ಜೊತೆಗೆ ಗೋಣಿಚೀಲ ತುಂಬ ಹಲಸಿನಕಾಯಿ. ನೆರೆಮನೆಯವರು ಹಿಂದಿನ ಬಾಗಿಲಲ್ಲಿ ಅವರನ್ನು ಇಳಿಸಿ ಮುಂದೆ ಹೋದರು. ಅಮ್ಮ ಹಿಂದಿನ ಮೆಟ್ಟಿಲಿನಿಂದಲೇ ಧಣಿಯ ಮನೆಗೆ, ಅಂದರೆ ಮಹಡಿಗೆ, ಹತ್ತಿದರು.

ಧಣಿ ಕಾಲಿಗೆ ಬಿದ್ದು, "ಈ ಬಿಸಿಲಿನಲ್ಲಾ ಬರುವುದು ಅಮ್ಮ?" ಅಂದರು.

"ಬಿಸಿಲಿಗೇ ಬಂದದ್ದು ಮಾರಾಯ! ಊರಲ್ಲಿ ದಿನಾ ಮೋಡ, ಹಪ್ಪಳ ಒಣಗುವುದೇ ಇಲ್ಲ. ಇಷ್ಟು ಒಳ್ಳೆ ಹವೆ ಇಟ್ಟುಕೊಂಡು ಮಳೆ, ಚಳಿ ಅಂತ ಬರೆದದ್ದು ಎಂಥಕ್ಕೆ?"

ಮರುದಿನವೇ ತಾರಸಿಯ ತುಂಬ ಚಾಪೆ, ಚಾಪೆಯ ತುಂಬ ಹಲಸಿನ ಹಪ್ಪಳ. ಕಾಗೆ ಓಡಿಸುವ ಕೆಲಸಕ್ಕೆ ಹೋಟೆಲಿನವರು ಯಾರೂ ಅಮ್ಮನಿಗೆ ಒಪ್ಪಿಗೆಯಾಗಲಿಲ್ಲ. "ಅವರು ಹಸಿಹಸಿಯೇ ತಿಂದು ಮುಗಿಸ್ತಾರೆ, ನೀನೇ ಕೂರು" ಅಂದರು. ಧಣಿ ತಲೆಗೆ ಒದ್ದೆ ಬೈರಾಸು ಸುತ್ತಿ, ಕೈಯಲ್ಲಿ ಕೋಲು ಹಿಡಿದು ಕೂತರು. "ಅಮ್ಮಾ, ಕೆಳಗೆ ಬಾ, ಗಲ್ಲಾ ತೋರಿಸ್ತೇನೆ" ಅಂತ ದಿನಾ ಅಂಗಲಾಚುವರು. "ಮೊದಲು ಆ ಕಾಗೆ ನೋಡು!" ಅಂತ ಅಮ್ಮ ಗದರಿಸುವರು. ಗಲ್ಲಾ ಖಾಲಿ ಬಿಡುವ ಹಾಗಿಲ್ಲವಲ್ಲ, ಅಷ್ಟು ದಿನವೂ ಅಲ್ಲಿ ಕೂತವನು ನಾನು.

ತಿರುಪತಿಗೆ ಹೋದ ನೆರೆಮನೆಯವರು ಹಿಂದಿರುಗಿ ಸ್ಟೇಷನ್ನಿನಲ್ಲಿ ಕಾಯುತ್ತಿದ್ದರು. ಹೊರಡುವ ಹೊತ್ತಿಗೆ ಅಮ್ಮ ಮೊದಲ ಸಲ ಹೋಟೆಲಿನೊಳಗೆ ಬಂದರು. ಸೆರಗು ಸರಿಮಾಡಿಕೊಂಡು, ನೇರ ನನ್ನ ಮುಂದೆ ನಿಂತು, ಹಪ್ಪಳದ ಒಂದು ಕಟ್ಟು ಇಟ್ಟು ಕೈಮುಗಿದರು.

"ಧಣಿಗಳೇ, ತಾಯಿ ಬಂದಿದ್ದಾಳೆ ಅಂತ ಇವನಿಗೆ ಇಷ್ಟು ದಿನ ರಜೆ ಕೊಟ್ಟಿರಿ. ನಿಮಗೆ ಪುಣ್ಯ ಬರಲಿ. ಹುಡುಗ ಒಳ್ಳೆಯವನೇ, ಮಾತು ಸ್ವಲ್ಪ ದೊಡ್ಡದು, ಅಷ್ಟೆ."

ನಾನು ದಡಬಡಿಸಿ ಎದ್ದೆ. ಅವರ ಹಿಂದೆ ಹಪ್ಪಳದ ಡಬ್ಬಿ ಹೊತ್ತು ನಿಂತಿದ್ದ ಧಣಿಯ ಮುಖ ಸಣ್ಣದಾಯಿತು. ಆದರೆ ಅಮ್ಮ, ಮಗ ಒಳ್ಳೆಯ ಜಾಗದಲ್ಲಿದ್ದಾನೆಂದು ಎಷ್ಟು ನೆಮ್ಮದಿಯಿಂದ ನಗುತ್ತಿದ್ದರೆಂದರೆ, ಧಣಿ ಅದನ್ನೇ ಒಂದು ಗಳಿಗೆ ನೋಡಿದರು. ಆಮೇಲೆ ಡಬ್ಬಿಯನ್ನು ಹೆಗಲಿಗೆ ಏರಿಸಿಕೊಂಡರು.

"ಧಣಿಗಳೇ" ಅಂದರು ನನಗೆ, "ಅಮ್ಮನನ್ನು ರೈಲು ಹತ್ತಿಸಿ ಬರ್ತೇನೆ. ಸಂಬಳ ಹಿಡಿಯಬೇಡಿ."