ಪೇಶಂಟ್ ಯಾರ್ರೀ?

ಶರ್ವರಿಯ ತಾಯಿ ಆ ಶನಿವಾರ ತೊಟ್ಟಿಲ ಕಾರ್ಯಕ್ಕೆಂದು ತಿಕೋಟಾಕ್ಕೆ ಹೋದದ್ದೇ ಎಲ್ಲದಕ್ಕೂ ಮೂಲವಾಯಿತು. ಕೀಲುಬೇನೆಯ ಡಾಕ್ಟರು ಅಥಣಿ ರಸ್ತೆಯ ಕ್ಲಿನಿಕ್ಕಿಗೆ ಬರುವುದು ತಿಂಗಳಿಗೊಮ್ಮೆ, ಅದೂ ಅವತ್ತೇ. ಒಂದು ಗಂಟೆಗೆಲ್ಲ ಹೊರಟುಬಿಡುತ್ತಿದ್ದರು.

"ಒಬ್ಬಾಕಿ ಹ್ಯಾಂಗ ಹೋಗ್ತಿ? ನಾ ಬರ್ತೀನಿ," ಎಂದರು ಪಕ್ಕದ ಮನೆಯ ಕಾಶಿಬಾಯಿ.

ಕಾಶಿಬಾಯಿಗೆ ಎಪ್ಪತ್ತಾರು. ಕನಮಡಿಯ ಹೊಲದಲ್ಲಿ ಬೆಳೆದ ಕಾಲು. ನಡೆದರೆ ಹಗ್ಗ ಬಿಚ್ಚಿದ ಕರುವಿನ ಹಾಗೆ. ಶರ್ವರಿಗೆ ಇಪ್ಪತ್ತೆಂಟು. ಆರನೇ ವಯಸ್ಸಿಗೆ ಕೀಲು ಹಿಡಿದ ಬೇನೆ ಇನ್ನೂ ಬಿಟ್ಟಿರಲಿಲ್ಲ. ಎರಡು ತಿಂಗಳಿಂದಂತೂ ಬ್ಯಾಂಕಿನಲ್ಲಿ ಸೀಲು ಒತ್ತುವಾಗಲೂ ಮಣಿಕಟ್ಟು ಸಿಡಿಯುತ್ತಿತ್ತು. ಮುಖ ನೋಡಿದವರಿಗೆ ಮಾತ್ರ ಏನೂ ಗೊತ್ತಾಗುತ್ತಿರಲಿಲ್ಲ.

ಆಟೋ ಇಳಿಯುತ್ತಲೇ ಕ್ಲಿನಿಕ್ಕಿನ ಆಯಾ ಗುಲಶನ ಗಾಲಿಕುರ್ಚಿ ತಂದಳು. "ಬರ್ರಿ ಆಯಿ, ಕುಂದರ್ರಿ. ಮೊಣಕಾಲೇನ್ರಿ? ಪಾಪ!"

ಕಾಶಿಬಾಯಿ ಅಂಥ ಕುರ್ಚಿಯಲ್ಲಿ ಎಂದೂ ಕೂತಿರಲಿಲ್ಲ. ಆಸೆಯಾಯಿತು, ಕೂತೇಬಿಟ್ಟರು. "ಏ, ಮೆತ್ತಗ ಐತಲ್ಲ!"

"ಅಕ್ಕಾರ, ಪೇಶಂಟ್ ಅವರಲ್ರಿ, ನಾ..." ಎಂದಳು ಶರ್ವರಿ.

"ನೀವ ತಳ್ರಿ. ನನಗ ಒಳಗ ಕೆಲಸ ಐತಿ," ಎಂದು ಗುಲಶನ ಮಾಯವಾದಳು.

ಬಾತ ಮಣಿಕಟ್ಟಿನಿಂದ ತಳ್ಳಲಾಗದೆ ಶರ್ವರಿ ಮೊಣಕೈಯಿಂದ ತಳ್ಳಿದಳು. ಹಿಡಿಕೆಯ ಮೇಲೆ ಮೈಭಾರ ಬಿಟ್ಟಾಗ ಕಾಲಿಗೆ ಒಂದಿಷ್ಟು ಆರಾಮೇ ಆಯಿತು. ಬೆಂಚಿನ ಮೇಲಿದ್ದವರಿಗೆ ಅವಳ ಮೇಲೆ ಮೆಚ್ಚುಗೆ ಉಕ್ಕಿತು. "ಎಂಥಾ ಮೊಮ್ಮಗಳ್ರಿ! ಈಗಿನ ಕಾಲದಾಗ ಯಾರ ಮಾಡ್ತಾರ?" ಕಾಶಿಬಾಯಿ ಮೆರವಣಿಗೆಯ ಮದುಮಗಳಂತೆ ಎರಡೂ ಕಡೆ ನೋಡುತ್ತ ಹೋದರು.

ಹನ್ನೆರಡೂವರೆಗೆ ಗುಲಶನ ಬಂದು ಶರ್ವರಿಯ ಹೆಸರು ಕೂಗಿ, ಕಾಶಿಬಾಯಿಯ ಕುರ್ಚಿ ತಳ್ಳಿಕೊಂಡು ಹೊರಟಳು. ಕೂತು ಕೂತು ಮೊಣಕಾಲು ಬಿಗಿದಿದ್ದ ಶರ್ವರಿ ಬೆಂಚಿನಿಂದ ಎದ್ದು ಗೋಡೆ ಹಿಡಿದು ಬರುವಷ್ಟರಲ್ಲಿ ಕುರ್ಚಿ ಎಕ್ಸರೇ ಕೋಣೆ ಸೇರಿ, ಅಲ್ಲಿಂದ ಡಾಕ್ಟರ ಎದುರಿಗೂ ಹೋಗಿತ್ತು. ಅವಳು ಬಾಗಿಲು ಮುಟ್ಟಿದಾಗ ಈ ಸಲವೇ ಹೊಸದಾಗಿ ಬಂದಿದ್ದ ಡಾಕ್ಟರು ಎಕ್ಸರೇ ಹಿಡಿದು ಬೆರಗಾಗಿ ಕೂತಿದ್ದರು.

"ನಿಮ್ಮ ಅಜ್ಜಿಗೆ ಏನೂ ಆಗಿಲ್ರಿ. ಇಂಥಾ ಮೊಣಕಾಲು ನನಗೂ ಇಲ್ಲ! ಮನೀಗೆ ಕರ್ಕೊಂಡು ಹೋಗ್ರಿ."

"ಸರ್, ನಾನು..."

"ಚಿಂತಿ ಮಾಡಬ್ಯಾಡ್ರಿ. ಮುಂದಿನವರು!"

ಗಡಿಯಾರದಲ್ಲಿ ಒಂದಕ್ಕೆ ಹತ್ತು ನಿಮಿಷ ಬಾಕಿ. ಇನ್ನೊಂದು ತಿಂಗಳು ಹೀಗೇ ತಳ್ಳಬೇಕು. ಶರ್ವರಿಯ ತುಟಿ ಅದುರಿತು. ಅದನ್ನು ಕಂಡದ್ದೇ ತಡ, ಕಾಶಿಬಾಯಿ ಕುರ್ಚಿಯಿಂದ ಚಂಗನೆ ಜಿಗಿದರು. ಬಾಗಿಲಲ್ಲಿದ್ದ ಗುಲಶನ "ಯಾ ಅಲ್ಲಾ!" ಎಂದಳು.

"ಬ್ಯಾನಿ ನಂದಲ್ರಿ, ಇಕೀದು! ಆರು ವರ್ಷದ ಕೂಸಿದ್ದಾಗಿಂದ ನೋಡೀನಿ. ಸಾಲಿಗಿ ನಾನ ಎತ್ತಿಕೊಂಡು ಹೋಗಿ ಬಿಡತಿದ್ದೆ. ಒಂದ ದಿನಾ ಅತ್ತಾಕಿ ಅಲ್ಲ. ಇವತ್ತ ನೀವು ಅಳಸಾಕತ್ತೀರಲ್ಲ!"

ಡಾಕ್ಟರು ತಾವೇ ಎದ್ದು ಕುರ್ಚಿ ಎಳೆದರು. "ತಪ್ಪಾತು ತಂಗಿ, ಕುಂದರ್ರಿ." ಒಂದೊಂದೇ ಬೆರಳು ಮುಟ್ಟಿ ನೋಡಿದರು. ಒಂದು ಗಂಟೆ ದಾಟಿತು, ಅವರು ಏಳಲಿಲ್ಲ. ಔಷಧ ಬದಲಿಸಿ ಹೇಳಿದರು: "ಬಾವು ಇಳಿಯೂತನಕ ಕೋಲು ಹಿಡೀರಿ. ನಾಚಬ್ಯಾಡ್ರಿ."

ಇಷ್ಟು ವರ್ಷ ಕೋಲು ಒಲ್ಲೆನೆಂದಿದ್ದ ಶರ್ವರಿ ಅವತ್ತು ಖುಷಿಯಿಂದಲೇ ಕೊಂಡಳು. ಕೈಯಲ್ಲಿ ಕೋಲಿದ್ದರೆ ಇನ್ನು ಯಾರಿಗೂ ಬಾಯಿಬಿಟ್ಟು ಹೇಳುವ ಗೋಜಿಲ್ಲ.

ಗೇಟಿನಲ್ಲಿ ಹೂ ಮಾರುತ್ತಿದ್ದ ದಾವಲಬಿ ದುರುಗುಟ್ಟಿ ನೋಡಿದಳು. "ಏನವ್ವಾ ನೀನು! ಮುದುಕಿ ಕೋಲು ಕಸಗೊಂಡು ಆಟ ಆಡಾಕತ್ತೀಯಲ್ಲ? ಕೊಡು ಅವರಿಗೆ!"

ಕಾಶಿಬಾಯಿ ಜಗಳಕ್ಕೆ ಸೆರಗು ಕಟ್ಟಿದರು. ಶರ್ವರಿಗೆ ಮಾತ್ರ ನಗು ತಡೆಯಲಾಗಲಿಲ್ಲ. "ತಗೋರಿ ಆಯಿ, ನಿಮ್ಮ ಕೋಲು."

"ಈಗ ಛಲೋ ಆತು ನೋಡು," ಎಂದಳು ದಾವಲಬಿ.

ಕಾಶಿಬಾಯಿ ಕೋಲನ್ನು ಕಂಕುಳಲ್ಲಿ ಸಿಗಿಸಿ, ಶರ್ವರಿಯ ತೋಳು ಹಿಡಿದು ದಡದಡ ಹೊರಟರು.

"ಆಯಿ, ಸ್ವಲ್ಪ ಸಾವಕಾಶ."

"ಸಾವಕಾಶ ನಡಿಯಾಕ ನನಗೇನಾಗೇತಿ ಬೇ?" ಎಂದವರೇ ನಾಲಗೆ ಕಚ್ಚಿಕೊಂಡು, ಹೆಜ್ಜೆ ಸಣ್ಣದು ಮಾಡಿದರು.